ಸಿಗರೇಟಿಗೆ ಕೊನೆ ಇದೆ, ಇದಕ್ಕಿಲ್ಲ



ಮೊನ್ನೆ ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ನಮ್ಮ ಹಿರಿಯ ಕ್ಯಾಮೆರಾಮನ್ ಒಬ್ಬರು ಒಳಗೆ ಬಂದು ಬಾಗಿಲು ಹಾಕಿಕೊಂಡ್ರು. ಜೇಬಿನಿಂದ ಕರ್ಚೀಫಿನ ಗಂಟು ತೆಗೆದು, ಬಿಚ್ಚಿ, ಅದರೊಳಗಿದ್ದ ಸಣ್ಣ ವಸ್ತುವೊಂದನ್ನು ಟೇಬಲ್ ಮೇಲಿಟ್ಟರು.

"ಸರ್, ನೀವು ಇಂಜಿನಿಯರಿಂಗ್ ಓದಿದೋರು. ಇದೇನು ಅಂತ ಸ್ವಲ್ಪ ನೋಡಿ ಹೇಳಿ. ಮಗನ ಬ್ಯಾಗಲ್ಲಿ ಸಿಕ್ತು. ಕೇಳಿದ್ರೆ ಪೆನ್‌ಡ್ರೈವ್ ಅಂತಾನೆ. ಪೆನ್‌ಡ್ರೈವ್ ಎಲ್ಲಾದ್ರೂ ಮಾವಿನಹಣ್ಣಿನ ವಾಸನೆ ಬರುತ್ತಾ ಸರ್?"

ಮಗ ಪಿಯುಸಿ ಓದ್ತಿದ್ದಾನೆ. ಹದಿನೇಳು ವರ್ಷ.

ಅದು ಏನು ಅಂತ ಗುರುತಿಸೋಕೆ ನನಗೆ ಇಂಜಿನಿಯರಿಂಗ್ ಬೇಕಾಗಿರಲಿಲ್ಲ. ಅದು ವೇಪ್. ಕಾನೂನಿನ ಭಾಷೆಯಲ್ಲಿ ಇ-ಸಿಗರೇಟು. ನಾನು ನೋಡಿದ ಕೂಡಲೇ ಗುರುತು ಹಿಡಿದೆ, ಯಾಕಂದ್ರೆ ಅದರ ಅಣ್ಣನಂಥ ಒಂದು ಸಾಧನ ಎರಡೂವರೆ ವರ್ಷ ನನ್ನ ಜೇಬಿನಲ್ಲಿತ್ತು. ಈ ವಿಷಯ ಈ ಪರದೆಯ ಮೇಲೆ ನಾನು ಯಾವತ್ತೂ ಹೇಳಿಲ್ಲ. ಇವತ್ತು ಹೇಳ್ತೀನಿ.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಸಿಗರೇಟು ಕಲಿತೆ. ಸಂಜೆ ಮಂಡಕ್ಕಿ, ಮಿರ್ಚಿ, ಟೀ, ಅದರ ಜೊತೆಗೊಂದು ಸಿಗರೇಟು. ನಾಲ್ಕು ಜನ ಸೇರಿ ಒಂದನ್ನೇ ಹಂಚಿಕೊಂಡು ಸೇದಿದ್ದು ಶುರು. ಬೆಂಗಳೂರಿಗೆ ಬಂದು ಚಾನೆಲ್ ಸೇರಿ, ನೈಟ್ ಶಿಫ್ಟ್ ಮಾಡಿ, 2014ರ ಹೊತ್ತಿಗೆ ದಿನಕ್ಕೆ ಎಂಟು ಸಿಗರೇಟು ಆಗಿತ್ತು. ಆ್ಯಂಕರ್‌ಗೆ ಗಂಟಲೇ ಬಂಡವಾಳ. ಬೆಳಗಿನ ಬುಲೆಟಿನ್‌ನಲ್ಲಿ ಕೆಮ್ಮು ತಡ್ಕೊಂಡು ಓದಿದ ದಿನಗಳಿವೆ. ಬಿಡಬೇಕು ಅಂತ ಮನಸ್ಸಿತ್ತು, ಬಿಡೋಕೆ ಆಗ್ತಿರಲಿಲ್ಲ.

ಆಗ ಗೆಳೆಯನೊಬ್ಬ ಹೇಳಿದ: "ಇದನ್ನ ತಗೋ, ಸಿಗರೇಟು ತಾನಾಗೇ ಬಿಟ್ಟುಹೋಗುತ್ತೆ." ಮಾರ್ಕೆಟ್ಟಿನ ಒಂದು ಸಣ್ಣ ಅಂಗಡಿಯಲ್ಲಿ 950 ರೂಪಾಯಿ ಕೊಟ್ಟು ಕೊಂಡೆ. ಇದ್ದದ್ದರಲ್ಲೇ ಅಗ್ಗದ್ದು. ನೋಡೋಕೆ ದಪ್ಪ ಪೆನ್ನಿನ ಥರ. ಐದು ಸಲ ಗುಂಡಿ ಒತ್ತಿದರೆ ಆನ್, ಮತ್ತೆ ಐದು ಸಲ ಒತ್ತಿದರೆ ಆಫ್.

ಒಳಗೆ ಏನಿತ್ತು ಅಂತ ಸರಳವಾಗಿ ಹೇಳ್ತೀನಿ, ಯಾಕಂದ್ರೆ ಇವತ್ತಿನ ಫ್ಯಾನ್ಸಿ ಸಾಧನಗಳಲ್ಲೂ ಇರೋದು ಅದೇ. ಕೆಳಗೆ ಒಂದು ಲಿಥಿಯಂ ಬ್ಯಾಟರಿ, ನಮ್ಮ ಮೊಬೈಲಿನಲ್ಲಿ ಇರುವ ಜಾತಿಯದ್ದೇ. ಮೇಲೆ ಒಂದು ಪುಟ್ಟ ಟ್ಯಾಂಕು. ಟ್ಯಾಂಕಿನೊಳಗೆ ತೆಳು ತಂತಿಯ ಸುರುಳಿ, ಅದಕ್ಕೊಂದು ಬತ್ತಿ. ದೀಪದ ಬತ್ತಿ ಎಣ್ಣೆ ಹೀರಿಕೊಳ್ಳುವ ಹಾಗೆ ಈ ಬತ್ತಿ ಟ್ಯಾಂಕಿನ ದ್ರವವನ್ನು ಹೀರುತ್ತೆ. ಗುಂಡಿ ಒತ್ತಿದಾಗ ಸುರುಳಿ ಕಾಯುತ್ತೆ, ದ್ರವ ಆವಿಯಾಗುತ್ತೆ, ನಾವು ಅದನ್ನ ಎಳ್ಕೋತೀವಿ. ನನ್ನ ಸಾಧನದ ಬ್ಯಾಟರಿ 3.7 ವೋಲ್ಟ್, ಸುರುಳಿಯ ಪ್ರತಿರೋಧ 2.4 ಓಮ್. ಪಿಯುಸಿಯಲ್ಲಿ ಓದಿದ ಸೂತ್ರ ನೆನಪಿದ್ದವರು ಲೆಕ್ಕ ಹಾಕಿ: ಸುಮಾರು 5.7 ವ್ಯಾಟ್. ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು ಶಕ್ತಿ. ಅಷ್ಟೇ.

ದ್ರವದಲ್ಲಿ ನಾಲ್ಕು ವಸ್ತು. ಪ್ರೊಪಿಲಿನ್ ಗ್ಲೈಕಾಲ್, ಗ್ಲಿಸರಿನ್, ಹಣ್ಣಿನದ್ದೋ ಪುದೀನದ್ದೋ ಒಂದು ಫ್ಲೇವರ್, ಮತ್ತು ನಿಕೋಟಿನ್. ಮೊದಲ ಮೂರು ಮೆರವಣಿಗೆಯ ಜನ. ಪಲ್ಲಕ್ಕಿಯಲ್ಲಿ ಕೂತಿರೋದು ನಾಲ್ಕನೆಯದ್ದು.

ಇಲ್ಲಿ ಒಂದು ನ್ಯಾಯದ ಮಾತು ಹೇಳಲೇಬೇಕು. ಇದರಲ್ಲಿ ಬೆಂಕಿ ಇಲ್ಲ. ಸಿಗರೇಟಿನಲ್ಲಿ ಎಲೆ ಉರಿಯುತ್ತೆ, ಟಾರ್ ಬರುತ್ತೆ, ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಸಿಗರೇಟು ಜನರನ್ನು ಕೊಲ್ಲೋದು ಮುಖ್ಯವಾಗಿ ಆ ಹೊಗೆಯಿಂದ. ವೇಪಿನಲ್ಲಿ ಆ ಹೊಗೆ ಇಲ್ಲ. 2003ರ ಹೊತ್ತಿಗೆ ಇವತ್ತಿನ ಇ-ಸಿಗರೇಟನ್ನು ರೂಪಿಸಿದ ಚೀನಾದ ಔಷಧ ತಜ್ಞ ಹೊನ್ ಲಿಕ್ ಸ್ವತಃ ಸಿಗರೇಟು ಚಟಕ್ಕೆ ಬಿದ್ದಿದ್ದವರು. ಅವರ ತಂದೆ ಶ್ವಾಸಕೋಶದ ಕ್ಯಾನ್ಸರ್‌ಗೆ ಬಲಿಯಾದರು. ಅಂದ್ರೆ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಮೊದಲ ತಿಂಗಳು ನನಗೂ ಹಾಗೇ ಅನ್ನಿಸ್ತು. ಬೆಳಗಿನ ಕೆಮ್ಮು ಕಮ್ಮಿಯಾಯ್ತು. ಅಂಗಿಯಲ್ಲಿ ವಾಸನೆ ಇಲ್ಲ. ಊರಿಂದ ಬಂದ ಅಮ್ಮ ಹತ್ತಿರ ಕೂತು, "ಅಂತೂ ಬಿಟ್ಯಲ್ಲಪ್ಪಾ" ಅಂತ ತಲೆ ಸವರಿದರು. ನಾನು ಸುಮ್ಮನಿದ್ದೆ. ಜೇಬಿನಲ್ಲಿ ಅದು ಇತ್ತು.

ಹಾಗಾದರೆ ಎಡವಿದ್ದು ಎಲ್ಲಿ?

ಸಿಗರೇಟಿಗೆ ಒಂದು ಕೊನೆ ಇದೆ ವೀಕ್ಷಕರೇ. ಹಚ್ಚಬೇಕು, ಐದಾರು ನಿಮಿಷಕ್ಕೆ ಅದು ಮುಗಿಯುತ್ತೆ, ತುಂಡು ಬಿಸಾಕಬೇಕು. ಮತ್ತೊಂದು ಬೇಕು ಅಂದ್ರೆ ಮೆಟ್ಟಿಲಿಳಿದು ಬೀಡಾ ಅಂಗಡಿಗೆ ಹೋಗಬೇಕು. ಮಳೆ ಬರ್ತಿರುತ್ತೆ, ಚಿಲ್ಲರೆ ಇರಲ್ಲ, ಬಾಸ್ ಎದುರಿಗೆ ಸಿಗ್ತಾರೆ. ಈ ಪ್ರತಿಯೊಂದು ಅಡ್ಡಿಯೂ ಒಂದೊಂದು ಬ್ರೇಕು. ಎಂಟು ಸಿಗರೇಟು ಸೇದಿದವನಿಗೆ ಎಂಟು ಅನ್ನೋದು ಗೊತ್ತಿರುತ್ತೆ.

ವೇಪಿಗೆ ಕೊನೆ ಇಲ್ಲ. ಎರಡು ದಮ್ಮು ಎಳೆದು ಜೇಬಿಗೆ ಹಾಕಬಹುದು. ಹತ್ತು ನಿಮಿಷಕ್ಕೆ ಮತ್ತೆರಡು. ಎಡಿಟಿಂಗ್ ರೂಮಿನಲ್ಲಿ, ಬಾತ್‌ರೂಮಿನಲ್ಲಿ, ಕಾರಿನಲ್ಲಿ, ಜಾಹೀರಾತಿನ ಬ್ರೇಕ್‌ನಲ್ಲಿ. ಹೌದು, ನೀವು ಜಾಹೀರಾತು ನೋಡ್ತಿದ್ದಾಗ ನಾನು ಸ್ಟುಡಿಯೋ ಹಿಂದಿನ ಪ್ಯಾಸೇಜಿನಲ್ಲಿ ನಿಂತು ಎಳೀತಿದ್ದೆ. ನಿಲ್ಲಿಸ್ತಿದ್ದದ್ದು ಬ್ಯಾಟರಿ ಸತ್ತಾಗ ಮಾತ್ರ. ಅದಕ್ಕೆ ಏನು ಮಾಡಿದೆ ಗೊತ್ತಾ? ಎರಡನೇ ಬ್ಯಾಟರಿ ಕೊಂಡೆ.

ಒಂದು ವರ್ಷ ಆದ್ಮೇಲೆ ಒಂದು ದಿನ ಲೆಕ್ಕ ಬರೆದೆ. ಶುರುವಿನಲ್ಲಿ 10 ಮಿಲಿಲೀಟರಿನ ಒಂದು ಬಾಟಲಿ ಹತ್ತು ದಿನ ಬರ್ತಿತ್ತು. ವರ್ಷದ ಹೊತ್ತಿಗೆ ನಾಲ್ಕೇ ದಿನ. ಬಾಟಲಿ ಮೇಲೆ ಬರೆದಿದ್ದದ್ದು ಪ್ರತಿ ಮಿಲಿಲೀಟರಿಗೆ 18 ಮಿಲಿಗ್ರಾಂ ನಿಕೋಟಿನ್. ಅಂದ್ರೆ ದಿನಕ್ಕೆ 18 ಮಿಲಿಗ್ರಾಂ ಖಾಲಿ ಮಾಡ್ತಿದ್ದವನು 45 ಮಿಲಿಗ್ರಾಂಗೆ ಬಂದಿದ್ದೆ. ಅಷ್ಟೂ ರಕ್ತಕ್ಕೆ ಹೋಗಲ್ಲ, ನಿಜ. ಆದರೆ ಗ್ರಾಫು ಯಾವ ಕಡೆ ಏರ್ತಿದೆ ಅಂತ ತಿಳಿಯೋಕೆ ಅಷ್ಟು ಸಾಕು.

ಇನ್ನು ದುಡ್ಡು. ಅಗ್ಗದ ಸಾಧನ ಅಂದೆನಲ್ಲ? ಅದರ ಸುರುಳಿ ಹತ್ತು ದಿನಕ್ಕೆ ಕರಕಲು. ಟ್ಯಾಂಕು ಬದಲಾಯಿಸಬೇಕು, ಒಂದಕ್ಕೆ 150 ರೂಪಾಯಿ. ತಿಂಗಳಿಗೆ ಮೂರು, 450. ಬಾಟಲಿ 250 ರೂಪಾಯಿಯ ಹಾಗೆ ತಿಂಗಳಿಗೆ ಏಳೂವರೆ, 1,875. ಒಟ್ಟು 2,325. ಹಿಂದೆ ದಿನಕ್ಕೆ ಎಂಟು ಸಿಗರೇಟಿಗೆ ಒಂದಕ್ಕೆ 10 ರೂಪಾಯಿಯಂತೆ ತಿಂಗಳಿಗೆ 2,400 ಹೋಗ್ತಿತ್ತು. ಉಳಿದದ್ದು 75 ರೂಪಾಯಿ! ಅಷ್ಟೊತ್ತಿಗೆ ರಾತ್ರಿ ಹೊತ್ತು ಮತ್ತೆ ಎರಡು ಮೂರು ಸಿಗರೇಟು ಶುರುವಾಗಿತ್ತು. ಆ 75 ಕೂಡ ಹೋಯ್ತು. ಬಿಡಿಸೋಕೆ ಬಂದದ್ದು ಬಿಡಿಸಲಿಲ್ಲ, ಪಕ್ಕದಲ್ಲಿ ಬಂದು ಕೂತ್ಕೊಂಡಿತು.

ಅಗ್ಗದ ಸಾಧನದ ಇನ್ನೊಂದು ಗುಣ ಹೇಳ್ತೀನಿ. ಬತ್ತಿ ಒಣಗಿದ್ದು ಅದಕ್ಕೆ ಗೊತ್ತಾಗಲ್ಲ. ದ್ರವ ಇದ್ದಾಗ ಸುರುಳಿಯ ಶಾಖ ಆವಿ ಮಾಡೋಕೆ ಖರ್ಚಾಗುತ್ತೆ. ದ್ರವ ಇಲ್ಲದಿದ್ದರೆ ಅದೇ ಶಾಖ ಬತ್ತಿಯನ್ನೇ ಸುಡುತ್ತೆ. ಹಾಲು ತಳ ಹಿಡಿದ ಹಾಗೆ. ಗಂಟಲಲ್ಲಿ ಸುಟ್ಟ ಕಹಿ, ಕಣ್ಣಲ್ಲಿ ನೀರು. ಹಾಗೆ ಅತಿಯಾಗಿ ಕಾದಾಗ ಗ್ಲಿಸರಿನ್ ಮತ್ತು ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷವಸ್ತುಗಳು ಹುಟ್ಟುತ್ತವೆ. ಚಾರ್ಜರ್ ಕಥೆ ಬೇರೆ. ಒಂದು ರಾತ್ರಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮಲಗಿದ್ದೆ. ಪ್ಲಾಸ್ಟಿಕ್ ವಾಸನೆಗೆ ಎಚ್ಚರವಾಯ್ತು. ಮುಟ್ಟಿದರೆ ಕೈ ಸುಡ್ತಿತ್ತು. ಲಿಥಿಯಂ ಬ್ಯಾಟರಿಗೆ ತುಂಬಿದ ಮೇಲೆ ಕರೆಂಟು ಕಡಿತಗೊಳಿಸೋ ಸರ್ಕ್ಯೂಟು ಸರಿಯಾಗಿರಬೇಕು. ದರ ಇಳಿಸಬೇಕಾದಾಗ ಮೊದಲು ಕತ್ತರಿ ಬೀಳೋದು ಇಂಥ ಕಡೆಗೇ. ಎಲೆಕ್ಟ್ರಾನಿಕ್ಸ್ ಓದಿದ ನನಗೆ ಅದು ಗೊತ್ತಿರಬೇಕಿತ್ತು. ಗೊತ್ತಿತ್ತು. ಆದ್ರೂ ಮಾರನೇ ದಿನ ಹೊಸ ಚಾರ್ಜರ್ ಕೊಂಡೆ.

2016ರ ಜೂನ್. ಕರ್ನಾಟಕ ಸರ್ಕಾರ ಇ-ಸಿಗರೇಟು ಮಾರಾಟ ನಿಷೇಧಿಸಿತು. ಆ ಸುದ್ದಿಯನ್ನು ನಮ್ಮ ಚಾನೆಲ್‌ನಲ್ಲಿ ಓದಿದವನು ನಾನೇ. ಗಂಭೀರವಾಗಿ ಓದಿದೆ. ಮುಂದಿನ ವಾರ ಅದೇ ಅಂಗಡಿಗೆ ಹೋಗಿ ಕದ್ದು ಕೊಂಡವನೂ ನಾನೇ. ಅಂಗಡಿಯವನು ಕೌಂಟರ್ ಕೆಳಗಿಂದ ಬಾಟಲಿ ತೆಗೆದ. ಮೇಲೆ ಲೇಬಲ್ ಇಲ್ಲ. "18 ಇದೆಯೋ 24 ಇದೆಯೋ?" ಅಂದೆ. "ಸ್ಟ್ರಾಂಗ್ ಇದೆ ಸರ್" ಅಂದ. ದುಡ್ಡು ಕೊಟ್ಟು ಬಂದೆ. ಮಂತ್ರಿಗಳಿಗೆ, ಅಧಿಕಾರಿಗಳಿಗೆ ದಿನಾ ರಾತ್ರಿ ದಾಖಲೆ ಎಲ್ಲಿ ಅಂತ ಕೇಳೋನು, ನನ್ನ ಶ್ವಾಸಕೋಶಕ್ಕೆ ಹೋಗೋ ದ್ರವದ ದಾಖಲೆ ಕೇಳಲಿಲ್ಲ.

ಅದು ಎಂಥ ಮೂರ್ಖತನ ಅಂತ 2019ರಲ್ಲಿ ಅಮೆರಿಕದ ಸುದ್ದಿ ಓದುವಾಗ ಅರ್ಥವಾಯ್ತು. ಅಲ್ಲಿ ವೇಪ್ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು. ತನಿಖೆಯಲ್ಲಿ ಸಿಕ್ಕ ಮುಖ್ಯ ಆರೋಪಿ ವಿಟಮಿನ್ ಇ ಅಸಿಟೇಟ್. ಹೆಚ್ಚಾಗಿ ಗಾಂಜಾದ ಅಂಶವಿದ್ದ, ಕಳ್ಳ ಮಾರ್ಗದಲ್ಲಿ ಬಂದ ದ್ರವದಲ್ಲಿ ಅದನ್ನು ಬೆರೆಸಿದ್ದರು. ಮಾಮೂಲಿ ವೇಪಿನಿಂದಲೇ ಅಷ್ಟೂ ಜನ ಸತ್ತರು ಅಂತ ನಾನು ಹೇಳಲ್ಲ, ಅದು ಸುಳ್ಳಾಗುತ್ತೆ. ನಾನು ಹೇಳೋದಿಷ್ಟೇ: ಲೇಬಲ್ ಇಲ್ಲದ ಬಾಟಲಿಯಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿಲ್ಲ.

ನನ್ನ ಆಟ ಮುಗಿದದ್ದು ಅದೇ 2016ರ ಕೊನೆಯಲ್ಲಿ, ಒಂದು ಭಾನುವಾರ. ಅಕ್ಕ, ಭಾವ ಮನೆಗೆ ಬಂದಿದ್ರು. ಅಕ್ಕನ ಮಗಳಿಗೆ ಎರಡೂವರೆ ವರ್ಷ. ನನ್ನ ಬ್ಯಾಗಿನ ಜಿಪ್ಪು ತೆಗೆದು ಆ ಬಾಟಲಿ ಹಿಡ್ಕೊಂಡು ಹಾಲ್‌ಗೆ ಬಂದಳು. ಮಾವಿನಹಣ್ಣಿನ ವಾಸನೆ. ಮುಚ್ಚಳ ಮಕ್ಕಳು ತೆಗೆಯಲಾಗದಂಥದ್ದಲ್ಲ, ಸುಮ್ಮನೆ ತಿರುಗಿಸಿದರೆ ಬರುವಂಥದ್ದು. ಅವಳ ಬೆರಳೆಲ್ಲ ಅಂಟಂಟು. "ಮಾಮ, ಜ್ಯೂಸು" ಅಂದಳು.

ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತೆ. ಅಷ್ಟು ಸಣ್ಣ ಮಗು ಆ ದ್ರವವನ್ನು ಸ್ವಲ್ಪ ಕುಡಿದರೂ ಪ್ರಾಣಕ್ಕೆ ಅಪಾಯ. ಕೈ ಬಾಯಿ ತೊಳೆಸಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ನಾಲ್ಕು ಗಂಟೆ ಕಣ್ಣಿಟ್ಟು ನೋಡಿದರು. ಬಾಯಿಗೆ ಹೋಗಿರಲಿಲ್ಲ, ಏನೂ ಆಗಲಿಲ್ಲ. ಆದರೆ ಆ ನಾಲ್ಕು ಗಂಟೆ ಅಕ್ಕ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಸುಲಭವಿತ್ತು.

ಮಾರನೇ ದಿನ ವೈದ್ಯರ ಹತ್ತಿರ ಹೋದೆ. ಎಲ್ಲ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಅನ್ನೋದಲ್ಲ. "ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಇದು ಬೇಕು ಅನ್ಸುತ್ತೆ?" ಎದ್ದ ಅರ್ಧ ಗಂಟೆಯೊಳಗೆ ಬೇಕು ಅಂದ್ರೆ ಚಟ ಆಳಕ್ಕಿಳಿದಿದೆ ಅಂತ ಅರ್ಥವಂತೆ. ನನಗೆ ಐದು ನಿಮಿಷ. ಒಂದು ದಿನಾಂಕ ಗೊತ್ತು ಮಾಡಿಸಿದರು, ನಿಕೋಟಿನ್ ಗಮ್ ಕೊಟ್ಟರು, ಅದನ್ನು ಎಷ್ಟು ಅಗಿಯಬೇಕು, ಹೇಗೆ ಕಮ್ಮಿ ಮಾಡಬೇಕು ಅಂತ ಹೇಳಿಕೊಟ್ಟರು. ಮೊದಲ ಮೂರು ದಿನ ನನ್ನ ಎದುರು ಬಂದವರೆಲ್ಲ ಬೈಸಿಕೊಂಡರು. ಎರಡು ಸಲ ಜಾರಿದೆ. ಮೂರನೇ ಸಲ ನಿಂತೆ. ಅಮ್ಮನಿಗೆ ನಿಜ ಹೇಳಿದ್ದು ಅದಾದ ಮೇಲೆ.

ಈಗ ನಿಮ್ಮಲ್ಲಿ ಕೆಲವರು ಕೇಳ್ತೀರಿ, ನನಗೆ ಗೊತ್ತು. ವಿದೇಶದಲ್ಲಿ ವೈದ್ಯರೇ ಇದನ್ನು ಕೊಡ್ತಾರಲ್ಲ ಸ್ವಾಮಿ ಅಂತ. ಕೊಡ್ತಾರೆ. ಇಂಗ್ಲೆಂಡಿನಲ್ಲಿ 886 ಜನರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಒಂದು ವರ್ಷದ ನಂತರ ಇ-ಸಿಗರೇಟು ಗುಂಪಿನಲ್ಲಿ ಶೇ 18ರಷ್ಟು ಜನ ಸಿಗರೇಟು ಬಿಟ್ಟಿದ್ದರು. ಗಮ್, ಪ್ಯಾಚ್‌ನಂಥವನ್ನು ಬಳಸಿದ ಗುಂಪಿನಲ್ಲಿ ಶೇ 9.9. ಹೆಚ್ಚುಕಮ್ಮಿ ಎರಡು ಪಟ್ಟು. ಇದನ್ನು ಮುಚ್ಚಿಟ್ಟು ಮಾತಾಡೋದು ಪ್ರಾಮಾಣಿಕತೆ ಅಲ್ಲ. ಆದರೆ ಅದೇ ಅಧ್ಯಯನದ ಮುಂದಿನ ಸಾಲು ಓದಿ. ಹಾಗೆ ಸಿಗರೇಟು ಬಿಟ್ಟ ವೇಪ್ ಗುಂಪಿನವರಲ್ಲಿ ಶೇ 80ರಷ್ಟು ಜನ ವರ್ಷವಾದರೂ ವೇಪ್ ಬಿಟ್ಟಿರಲಿಲ್ಲ. ಗಮ್, ಪ್ಯಾಚ್ ಗುಂಪಿನಲ್ಲಿ ಅದನ್ನೇ ಮುಂದುವರಿಸಿದ್ದವರು ಶೇ 9. ಅಲ್ಲಿ ವಾರವಾರ ಕೂರಿಸಿ ಮಾತಾಡಿಸುವ ಸಲಹೆಗಾರರಿದ್ದರು, ದ್ರವಕ್ಕೆ ಕಾನೂನಿನ ಮಿತಿ ಇತ್ತು. ನನ್ನ ಹತ್ತಿರ ಇದ್ದದ್ದು ಕೌಂಟರ್ ಕೆಳಗಿನ ಬಾಟಲಿ.

ಇನ್ನೂ ಒಂದು ಪ್ರಶ್ನೆ: ಸಿಗರೇಟು ಮಾರಬಹುದು, ಇದನ್ನು ಮಾರಬಾರದು, ಇದು ಯಾವ ನ್ಯಾಯ? 2019ರ ಸೆಪ್ಟೆಂಬರ್ 18ರಂದು ಸಚಿವೆ ನಿರ್ಮಲಾ ಸೀತಾರಾಮನ್ ದೇಶದಾದ್ಯಂತ ನಿಷೇಧ ಘೋಷಿಸಿದಾಗಲೂ ಈ ಪ್ರಶ್ನೆ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಕಾಯ್ದೆಯೂ ಆಯ್ತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಿಗರೇಟನ್ನು ಬಿಟ್ಟು ಇದನ್ನೇಕೆ ಅನ್ನೋ ಪ್ರಶ್ನೆ ಸರಿಯಾದದ್ದೇ. ಸರ್ಕಾರಕ್ಕೆ ಕೇಳಬೇಕಾದದ್ದೇ. ಆದರೆ ಹದಿನೇಳು ವರ್ಷದ ಹುಡುಗನಿಗೆ ಇದು ಒಳ್ಳೆಯದಾ ಅನ್ನೋ ಪ್ರಶ್ನೆಗೆ ಅದು ಉತ್ತರ ಅಲ್ಲ.

ಯಾಕಂದ್ರೆ ಕ್ಯಾಮೆರಾಮನ್ ಟೇಬಲ್ ಮೇಲಿಟ್ಟ ಸಾಧನ ನನ್ನ ಕಾಲದ್ದಲ್ಲ. ನನ್ನ 18 ಮಿಲಿಗ್ರಾಂ ದ್ರವಕ್ಕೆ ಗಂಟಲು ಕೆರೀತಿತ್ತು. ಅದು ಇನ್ನೊಂದು ಬ್ರೇಕು. ಈಗಿನವುಗಳಲ್ಲಿ ಇರೋದು ನಿಕೋಟಿನ್ ಸಾಲ್ಟ್. ನಿಕೋಟಿನ್‌ಗೆ ಬೆಂಜೋಯಿಕ್‌ನಂಥ ಆಮ್ಲ ಸೇರಿಸಿದರೆ ಗಂಟಲಿಗೆ ಉರಿ ತಾಗಲ್ಲ. 2015ರಲ್ಲಿ ಅಮೆರಿಕದಲ್ಲಿ ಜೂಲ್ ಅನ್ನೋ ಸಾಧನ ಬಂದ ಮೇಲೆ ಈ ವಿಧಾನ ಎಲ್ಲೆಡೆ ಹಬ್ಬಿತು. ಬ್ರಿಟನ್ನಿನಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಇರಕೂಡದು ಅಂತ ಕಾನೂನು. ಅಮೆರಿಕದ ಆ ಸಾಧನದಲ್ಲಿ ಇದ್ದದ್ದು 59. ಕೆಮ್ಮೇ ಬರದಿದ್ದರೆ ಹುಡುಗನಿಗೆ ಸಾಕು ಅಂತ ಹೇಳೋರು ಯಾರು? ಮಿದುಳು ಬೆಳೆಯೋದು ಸುಮಾರು 25ನೇ ವಯಸ್ಸಿನವರೆಗೂ ನಡೆಯುತ್ತೆ. ಆ ವಯಸ್ಸಿನಲ್ಲಿ ನಿಕೋಟಿನ್ ಹೊಕ್ಕರೆ ಗಮನ, ಕಲಿಕೆ, ಮನಸ್ಸಿನ ಹಿಡಿತ ಎಲ್ಲಕ್ಕೂ ಪೆಟ್ಟು ಅಂತ ಅಮೆರಿಕದ ಸರ್ಜನ್ ಜನರಲ್ 2016ರ ವರದಿಯಲ್ಲೇ ಎಚ್ಚರಿಸಿದ್ದರು. ವೇಪನ್ನು ಒಪ್ಪಿಕೊಂಡ ಬ್ರಿಟನ್ ಕೂಡ ಬಳಸಿ ಬಿಸಾಡುವ ವೇಪ್‌ಗಳ ಮಾರಾಟವನ್ನು 2025ರ ಜೂನ್ 1ರಿಂದ ನಿಲ್ಲಿಸಿದೆ. ಸಿಗರೇಟು ಬಿಡೋಕೆ ಹೊರಟ ನಲವತ್ತರ ಮನುಷ್ಯನ ಕಥೆ ಬೇರೆ. ಸಿಗರೇಟೇ ಮುಟ್ಟದ ಹುಡುಗ ಇದರಿಂದ ಶುರು ಮಾಡೋದು ಬೇರೆ. ಅವನಿಗೆ ಇದರಲ್ಲಿ ಲಾಭವೇ ಇಲ್ಲ, ಬರೀ ನಷ್ಟ.

ಇಷ್ಟನ್ನೂ ಅವತ್ತು ರಾತ್ರಿ ಕ್ಯಾಮೆರಾಮನ್‌ಗೆ ಹೇಳಿದೆ. ಅವರು ತಲೆ ತಗ್ಗಿಸಿ ಕೂತಿದ್ದರು. "ಕಾಲು ಮುರೀಲಾ ಸರ್ ಅವನ್ದು?" ಅಂದ್ರು.

"ಹೊಡೀಬೇಡಿ ಅಣ್ಣ. ಹೊಡೆದರೆ ಮುಂದಿನ ಸಲ ನಿಮಗೆ ಸಿಗದ ಜಾಗದಲ್ಲಿ ಇಡ್ತಾನೆ. ಒಂದೇ ಪ್ರಶ್ನೆ ಕೇಳಿ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಬೇಕು ಅನ್ಸುತ್ತೆ ಅಂತ. ಬೈಯದೆ ಕೇಳಿ."

ಮಾರನೇ ದಿನ ಬಂದು ಹೇಳಿದರು. ಮಗ ಮೊದಲು, "ನೀವು ಸಿಗರೇಟು ಸೇದಲ್ವಾ ಅಪ್ಪಾ?" ಅಂದನಂತೆ. ಇವರಿಗೆ ಉತ್ತರ ಇರಲಿಲ್ಲ. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದನಂತೆ, "ದಿಂಬಿನ ಕೆಳಗೇ ಇಟ್ಕೋತೀನಿ. ಏಳೋಕೆ ಮುಂಚೆ ಬೇಕು."

ಸಿಗರೇಟು ಪ್ಯಾಕಿನ ಮೇಲೆ ಒಂದು ನಂಬರ್ ಇರುತ್ತೆ, ನೋಡಿದ್ದೀರಾ? 1800-11-2356. ತಂಬಾಕು ಬಿಡಲು ಸಹಾಯ ಮಾಡುವ ರಾಷ್ಟ್ರೀಯ ಸಹಾಯವಾಣಿ. ಉಚಿತ. ನಮ್ಮ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಅವತ್ತು ಮಧ್ಯಾಹ್ನ ಅಪ್ಪ, ಮಗ ಇಬ್ಬರೂ ಒಂದೇ ಫೋನಿನಿಂದ, ಒಬ್ಬರಾದ ಮೇಲೆ ಒಬ್ಬರು ಮಾತಾಡಿದ್ದಾರೆ. ಇಬ್ಬರಿಗೂ ಒಂದೇ ದಿನಾಂಕ ಗೊತ್ತಾಗಿದೆ, ಬರುವ ಸೋಮವಾರ. ಇಬ್ಬರೂ ಜಾರಬಹುದು. ನಾನೂ ಜಾರಿದ್ದೆ. ಜಾರಿದರೆ ಮತ್ತೆ ಫೋನ್ ಮಾಡಿ ಅಂತ ಹೇಳಿದ್ದೀನಿ.

ಇವತ್ತು ನಿಮ್ಮ ಮನೆಯಲ್ಲೂ ಯಾವುದೋ ಬ್ಯಾಗಿನಲ್ಲಿ ಹಣ್ಣಿನ ವಾಸನೆಯ ಪೆನ್‌ಡ್ರೈವ್ ಸಿಕ್ಕರೆ, ಮೊದಲು ಕೈ ಎತ್ತಬೇಡಿ. ಆ ಒಂದು ಪ್ರಶ್ನೆ ಕೇಳಿ. ಉತ್ತರ ಬರೋವರೆಗೂ ಪಕ್ಕದಲ್ಲೇ ಕೂತಿರಿ.